ಪರೀಕ್ಷಾ ಹಾರಾಟ, ಪ್ರಯಾಣಿಕ ಮತ್ತು ಸಮ್ಮತಿ: ಖಾಸಗಿ ಬಾಹ್ಯಾಕಾಶಯಾನದ ಒಂದು ಅಪಘಾತವನ್ನು ಕುರಿತು

ಕನ್ನಡದಲ್ಲಿ ‘ಪರೀಕ್ಷೆ’ ಎಂಬ ಪದ ಕನಿಷ್ಠ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ವಿಶ್ವವಿದ್ಯಾಲಯಗಳು ನಡೆಸುವ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರಿಗೆ ಉತ್ತರ ಮೊದಲೇ ತಿಳಿದಿರುತ್ತದೆ. ಬರೆಯುವವನಿಗೆ ಅದು ತಿಳಿದಿದೆಯೇ ಇಲ್ಲವೇ ಎಂಬುದಷ್ಟೇ ಅಲ್ಲಿ ಗೊತ್ತಾಗಬೇಕಾದದ್ದು. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುವುದೂ ಪರೀಕ್ಷೆಯೇ. ಆದರೆ ಅಲ್ಲಿ ಉತ್ತರ ಯಾರಿಗೂ ಮೊದಲು ತಿಳಿದಿರುವುದಿಲ್ಲ; ಅದು ವಸ್ತುವಿನಲ್ಲಿಯೇ ಅಡಗಿರುತ್ತದೆ. ಹೊಸ ವಿಮಾನವನ್ನಾಗಲಿ ಗಗನನೌಕೆಯನ್ನಾಗಲಿ ಮೊದಮೊದಲು ಹಾರಿಸಿ ನೋಡುವ ‘ಪರೀಕ್ಷಾ ಹಾರಾಟ’ ಈ ಎರಡನೆಯ ಬಗೆಗೆ ಸೇರಿದ್ದು. ಒಂದು ವ್ಯತ್ಯಾಸವಿದೆ. ಒರೆಗಲ್ಲಿಗೆ ಚಿನ್ನ ತಿಕ್ಕುವವನ ಪ್ರಾಣಕ್ಕೆ ಸಂಚಕಾರವಿಲ್ಲ. ಇಲ್ಲಿ ಪರೀಕ್ಷಿಸುವವನು ಪರೀಕ್ಷೆಗೊಳಗಾಗುವ ವಸ್ತುವಿನ ಒಳಗೇ ಕುಳಿತಿರುತ್ತಾನೆ.

ಗಾಳಿಸುರಂಗದ ಪ್ರಯೋಗಗಳು, ಗಣಕಯಂತ್ರದ ಲೆಕ್ಕಾಚಾರಗಳು, ನೆಲದ ಮೇಲಿನ ಎಂಜಿನ್ ಪರೀಕ್ಷೆಗಳು ಇವೆಲ್ಲ ಮುಗಿದ ಮೇಲೂ ತಿಳಿಯದೆ ಉಳಿಯುವ ಸಂಗತಿಗಳು ಇರುತ್ತವೆ. ಅವುಗಳನ್ನು ತಿಳಿಯಲೆಂದೇ ಪರೀಕ್ಷಾ ಹಾರಾಟಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಲಾಗುತ್ತದೆ. ಇಂದು ಇಷ್ಟು ವೇಗ, ನಾಳೆ ಅದಕ್ಕಿಂತ ತುಸು ಹೆಚ್ಚು. ಇಂದು ಎಂಜಿನ್ ಉರಿಯುವುದು ಕೆಲವು ಸೆಕೆಂಡು, ಮುಂದಿನ ಸಲ ಇನ್ನಷ್ಟು. ಹೀಗೆ ನೌಕೆಯ ಸಾಮರ್ಥ್ಯದ ಮೇರೆಯನ್ನು ಸ್ವಲ್ಪಸ್ವಲ್ಪವಾಗಿ ಹಿಗ್ಗಿಸುತ್ತ ಹೋಗುವುದು ವಾಯುಯಾನದಲ್ಲಿ ಬಹುಕಾಲದಿಂದ ಬಂದಿರುವ ಪದ್ಧತಿ. ಸರ್ಕಾರಗಳು ನಡೆಸಿದ ಬಾಹ್ಯಾಕಾಶ ಯೋಜನೆಗಳಲ್ಲಿಯೂ ಈ ಪದ್ಧತಿಯೇ ಇತ್ತು. ಅಲ್ಲಿಯೂ ಅವಸರ ಜೀವಗಳನ್ನು ಬಲಿ ತೆಗೆದುಕೊಂಡಿತ್ತು. ೧೯೬೭ರ ಜನವರಿಯಲ್ಲಿ ನೆಲದ ಮೇಲಿನ ಪೂರ್ವಾಭ್ಯಾಸವೊಂದರಲ್ಲಿ ಬೆಂಕಿ ಹೊತ್ತಿ ಅಮೆರಿಕದ ಮೂವರು ಗಗನಯಾತ್ರಿಗಳು ಮಡಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕೊಮರೋವ್, ಸೋಯುಜ್ ನೌಕೆಯ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ನೆಲಕ್ಕಪ್ಪಳಿಸಿ ತೀರಿಕೊಂಡರು. ಆದ್ದರಿಂದ ಸರ್ಕಾರಿ ಯಾನ ಸುರಕ್ಷಿತ, ಖಾಸಗಿ ಯಾನ ಅಪಾಯಕಾರಿ ಎಂಬ ಸರಳ ವಿಂಗಡಣೆಗೆ ಆಧಾರವಿಲ್ಲ. ಖಾಸಗಿ ಯಾನದ ವಿಶೇಷ ಬೇರೆಡೆಗಿದೆ. ಅಲ್ಲಿ ನೌಕೆಯ ಗುಣ ತಿಳಿಯುವ ಮೊದಲೇ ಟಿಕೆಟ್ ಮಾರಾಟವಾಗಿರುತ್ತದೆ. ಪರೀಕ್ಷೆ ಮುಗಿಯುವ ದಿನವನ್ನು ಉತ್ತರ ನಿರ್ಧರಿಸುವ ಬದಲು ಪ್ರಕಟಣೆ ನಿರ್ಧರಿಸುವ ಸಂಭವ ಅಲ್ಲಿ ಹೆಚ್ಚು. ಈ ಸಂಗತಿಯನ್ನು ಒಂದು ಅಪಘಾತದ ವಿವರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಅಪಘಾತ ನಡೆದದ್ದು ೨೦೧೪ರ ಅಕ್ಟೋಬರ್ ೩೧ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮೊಹಾವಿ ಮರುಭೂಮಿಯ ಮೇಲೆ. ನಾಶವಾದ ನೌಕೆ ‘ಸ್ಪೇಸ್‌ಶಿಪ್‌ಟೂ’ ಮಾದರಿಯ ಮೊದಲನೆಯದು. ಅದನ್ನು ರೂಪಿಸಿ ಪರೀಕ್ಷಿಸುತ್ತಿದ್ದುದು ಸ್ಕೇಲ್ಡ್ ಕಾಂಪೊಸಿಟ್ಸ್ ಎಂಬ ಕಂಪನಿ. ಪ್ರಯಾಣಿಕರನ್ನು ಒಯ್ಯಲು ಟಿಕೆಟ್ ಮಾರಿದ್ದುದು ರಿಚರ್ಡ್ ಬ್ರಾನ್ಸನ್ ಸ್ಥಾಪಿಸಿದ ವರ್ಜಿನ್ ಗೆಲಾಕ್ಟಿಕ್ ಕಂಪನಿ. ಇದಕ್ಕೆ ಮೊದಲು ೨೦೦೪ರಲ್ಲಿ ಬರ್ಟ್ ರುಟಾನ್ ಎಂಬ ವಿಮಾನ ವಿನ್ಯಾಸಕ ರೂಪಿಸಿದ ‘ಸ್ಪೇಸ್‌ಶಿಪ್‌ಒನ್’ ಎಂಬ ಪುಟ್ಟ ನೌಕೆ ನೂರು ಕಿಲೋಮೀಟರಿಗಿಂತ ಮೇಲೆ ಏರಿ, ಒಂದು ಕೋಟಿ ಡಾಲರಿನ ಬಹುಮಾನವನ್ನು ಗೆದ್ದಿತ್ತು. ಆ ಬಹುಮಾನದ ಮೊದಲ ಹಾರಾಟದಲ್ಲಿ, ಸೆಪ್ಟೆಂಬರ್ ೨೯ರಂದು, ನೌಕೆ ಮೇಲೇರುತ್ತಲೇ ಬುಗುರಿಯಂತೆ ತನ್ನ ಸುತ್ತ ತಾನೇ ಹತ್ತಾರು ಬಾರಿ ಉರುಳಿತು. ಪೈಲಟ್ ಮೈಕ್ ಮೆಲ್ವಿಲ್ ಅದನ್ನು ಹತೋಟಿಗೆ ತಂದು ಸುರಕ್ಷಿತವಾಗಿ ಇಳಿಸಿದರು. ನೆಲದ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಐದು ದಿನಗಳ ಅನಂತರ ಎರಡನೆಯ ಹಾರಾಟ ನಡೆದು ಬಹುಮಾನ ದೊರೆಯಿತು. ಬಹುಮಾನದ ಗಡುವೂ ಒಂದು ಬಗೆಯ ಪ್ರಕಟಣೆಯೇ ಎಂಬುದನ್ನು ಇಲ್ಲಿ ಗಮನಿಸಬಹುದು.

ಸ್ಪೇಸ್‌ಶಿಪ್‌ಟೂ ನೌಕೆಯ ರಚನೆಯನ್ನು ತುಸು ವಿವರವಾಗಿ ತಿಳಿಯದಿದ್ದರೆ ಅಪಘಾತ ಅರ್ಥವಾಗುವುದಿಲ್ಲ. ಅದು ನೆಲದಿಂದ ನೇರವಾಗಿ ಏಳುವುದಿಲ್ಲ. ಎರಡು ಒಡಲುಗಳ ದೊಡ್ಡ ತಾಯಿವಿಮಾನವೊಂದು ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಸುಮಾರು ೪೬,೦೦೦ ಅಡಿ ಎತ್ತರಕ್ಕೆ ಒಯ್ದು ಕೈಬಿಡುತ್ತದೆ. ಬಿಟ್ಟ ಕೂಡಲೇ ಪೈಲಟ್‌ಗಳು ರಾಕೆಟ್ ಎಂಜಿನ್ನನ್ನು ಹೊತ್ತಿಸುತ್ತಾರೆ. ನೌಕೆ ಮೂತಿ ಎತ್ತಿ ನೆಟ್ಟನೆ ಮೇಲೇರಿ, ಎಂಜಿನ್ ಆರಿದ ಮೇಲೂ ವೇಗದ ಬಲದಿಂದ ವಾತಾವರಣದ ಅಂಚನ್ನು ದಾಟಿ, ಕೆಲವು ನಿಮಿಷ ತೂಕರಹಿತ ಸ್ಥಿತಿಯಲ್ಲಿದ್ದು, ಮೇಲಕ್ಕೆಸೆದ ಕಲ್ಲಿನಂತೆ ಮತ್ತೆ ಬೀಳತೊಡಗುತ್ತದೆ. ಕೊನೆಗೆ ಎಂಜಿನ್ನಿಲ್ಲದ ಗ್ಲೈಡರಿನಂತೆ ತೇಲಿ ಓಡುದಾರಿಯ ಮೇಲೆ ಇಳಿಯುತ್ತದೆ. ಇದರಲ್ಲಿ ಕಠಿಣವಾದದ್ದು ಬೀಳುವ ಹಂತ. ವಾತಾವರಣವನ್ನು ಮತ್ತೆ ಹೊಗುವಾಗ ನೌಕೆ ಓರೆಯಾಗಿಯೋ ತಲೆಕೆಳಗಾಗಿಯೋ ಹೊಕ್ಕರೆ ಮುರಿದುಹೋಗುತ್ತದೆ.

ಇದಕ್ಕೆ ರುಟಾನ್ ಕಂಡುಕೊಂಡ ಉಪಾಯ ಬ್ಯಾಡ್ಮಿಂಟನ್ ಆಡಿದವರಿಗೆಲ್ಲ ಅರ್ಥವಾಗುವಂಥದು. ಗರಿ ಕಟ್ಟಿದ ಶಟಲ್‌ಕಾಕನ್ನು ಹೇಗೆ ಹೊಡೆದರೂ ಅದು ತಾನಾಗಿ ತಿರುಗಿ ಬೆಂಡಿನ ಭಾಗವನ್ನು ಮುಂದೆ ಮಾಡಿಕೊಂಡು, ಗರಿಗಳ ತಡೆಯಿಂದ ವೇಗ ಕಳೆದುಕೊಂಡು ಬೀಳುತ್ತದೆ. ಅದೇ ರೀತಿ ನೌಕೆಯ ಬಾಲದ ಎರಡು ತೋಳುಗಳನ್ನು ಶಿಖರ ತಲುಪಿದ ಮೇಲೆ ಮೇಲಕ್ಕೆ ಮಡಚಿದರೆ ನೌಕೆ ಯಾವ ಭಂಗಿಯಲ್ಲಿದ್ದರೂ ತಾನಾಗಿಯೇ ಹೊಟ್ಟೆ ಕೆಳಗಾಗಿ ತಿರುಗಿ ನಿಧಾನವಾಗಿ ಇಳಿಯುತ್ತದೆ. ಇಂಗ್ಲಿಷಿನಲ್ಲಿಯೂ ಈ ವ್ಯವಸ್ಥೆಗೆ ಗರಿ ಎಂಬ ಅರ್ಥದ ಹೆಸರೇ ಇದೆ. ನಾವೂ ‘ಗರಿ’ ಎಂದೇ ಕರೆಯೋಣ. ಉಪಾಯ ಸೊಗಸಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಮೇಲೇಳದಿದ್ದರೆ ಇಳಿಯುವಾಗ ಅಪಾಯ, ಬೇಡದ ಹೊತ್ತಿನಲ್ಲಿ ಮೇಲೆದ್ದರೆ ಏರುವಾಗ ಅಪಾಯ ಎಂಬ ಇಕ್ಕಟ್ಟು ಅದರೊಂದಿಗೇ ಹುಟ್ಟಿಕೊಂಡಿತು.

ಆದ್ದರಿಂದ ಗರಿಗೆ ಎರಡು ಹಿಡಿಕೆಗಳನ್ನು ಇಡಲಾಗಿತ್ತು. ಒಂದು ಬೀಗ ತೆಗೆಯುವುದಕ್ಕೆ, ಇನ್ನೊಂದು ಗರಿಯನ್ನು ಎತ್ತುವುದಕ್ಕೆ. ಏರುವ ಹಾದಿಯಲ್ಲಿ ವೇಗ ಶಬ್ದವೇಗದ ೧.೪ ಪಟ್ಟು ತಲುಪಿದಾಗ ಸಹಪೈಲಟ್ ಬೀಗವನ್ನು ಮಾತ್ರ ತೆಗೆಯಬೇಕು ಎಂಬುದು ನಿಯಮ. ಶಿಖರದಲ್ಲಿ ಬೇಕಾಗುವ ಬೀಗವನ್ನು ದಾರಿಯಲ್ಲಿಯೇ ಏಕೆ ತೆಗೆಯಬೇಕು? ಬೀಗ ಸಿಕ್ಕಿಹಾಕಿಕೊಂಡಿದ್ದರೆ ಅದು ಶಿಖರದಲ್ಲಿ ತಿಳಿದು ಪ್ರಯೋಜನವಿಲ್ಲ. ಇನ್ನೂ ಎಂಜಿನ್ ಆರಿಸಿ ಹಿಂದಿರುಗಲು ಅವಕಾಶವಿರುವಾಗಲೇ ತಿಳಿಯಬೇಕು ಎಂಬುದು ವಿನ್ಯಾಸಕರ ತರ್ಕ. ನಿಗದಿತ ವೇಗದ ಮೇಲೆ ಗಾಳಿಯ ಒತ್ತಡವೇ ಬಾಲವನ್ನು ಕೆಳಗೆ ಅದುಮಿ ಹಿಡಿದಿರುವುದರಿಂದ ಬೀಗ ತೆರೆದಿದ್ದರೂ ತೊಂದರೆಯಿಲ್ಲ. ಆದರೆ ಶಬ್ದದ ವೇಗವನ್ನು ಸಮೀಪಿಸುವ ಮತ್ತು ದಾಟುವ ಹೊತ್ತಿನಲ್ಲಿ ಪರಿಸ್ಥಿತಿ ತಿರುಗುಮುರುಗಾಗಿರುತ್ತದೆ. ಆಗ ಗಾಳಿ ಬಾಲವನ್ನು ಮೇಲಕ್ಕೆ ನೂಕುತ್ತದೆ. ಆ ನೂಕನ್ನು ತಡೆಯುವ ಶಕ್ತಿ ಬೀಗಕ್ಕೆ ಮಾತ್ರ ಉಂಟು, ಗರಿಯನ್ನು ಎತ್ತಿಳಿಸುವ ಯಂತ್ರಕ್ಕೆ ಇಲ್ಲ. ಒಂದೇ ಹಿಡಿಕೆ, ಕೆಲವು ಸೆಕೆಂಡುಗಳ ಅಂತರ. ಈ ಬದಿಯಲ್ಲಿ ಅದು ರಕ್ಷೆ, ಆ ಬದಿಯಲ್ಲಿ ಮೃತ್ಯು.

ಆ ದಿನ ನೌಕೆಯಲ್ಲಿದ್ದವರು ಪೈಲಟ್ ಪೀಟರ್ ಸೀಬೋಲ್ಡ್ ಮತ್ತು ಸಹಪೈಲಟ್ ಮೈಕೇಲ್ ಆಲ್ಸ್‌ಬರಿ. ಎಂಜಿನ್ ಉರಿಸಿದ ಹಾರಾಟಗಳಲ್ಲಿ ಅದು ನಾಲ್ಕನೆಯದು. ತಾಯಿವಿಮಾನದಿಂದ ಬಿಡುಗಡೆಯಾದ ಸುಮಾರು ೯ ಸೆಕೆಂಡಿಗೆ, ವೇಗ ಇನ್ನೂ ಶಬ್ದವೇಗದ ೦.೯೨ ಪಟ್ಟು ಇದ್ದಾಗ, ಆಲ್ಸ್‌ಬರಿ ಬೀಗದ ಹಿಡಿಕೆಯನ್ನು ಎಳೆದರು. ಗರಿ ಎತ್ತುವ ಎರಡನೆಯ ಹಿಡಿಕೆಯನ್ನು ಯಾರೂ ಮುಟ್ಟಲಿಲ್ಲ. ಗಾಳಿಯೇ ಬಾಲವನ್ನು ಮೇಲಕ್ಕೆತ್ತಿತು. ಬಿಡುಗಡೆಯಾದ ೧೩ ಸೆಕೆಂಡುಗಳೊಳಗೆ ನೌಕೆ ನುಚ್ಚುನೂರಾಯಿತು. ಆಲ್ಸ್‌ಬರಿ ಸ್ಥಳದಲ್ಲಿಯೇ ಮಡಿದರು; ಅವರಿಗೆ ೩೯ ವರ್ಷ. ಸೀಬೋಲ್ಡ್ ಆಸನದೊಂದಿಗೆ ಹೊರಕ್ಕೆಸೆಯಲ್ಪಟ್ಟರು. ಅಷ್ಟು ಎತ್ತರದಲ್ಲಿ ಬೇಕಾದ ಒತ್ತಡದ ಉಡುಪು ಅವರ ಮೈಮೇಲಿರಲಿಲ್ಲ. ಪ್ರಜ್ಞೆ ತಪ್ಪಿ ಬೀಳುತ್ತಿದ್ದವರಿಗೆ ನಡುವೆ ಎಚ್ಚರವಾಗಿ ಆಸನದ ಪಟ್ಟಿ ಬಿಚ್ಚಿಕೊಂಡರು. ಪ್ಯಾರಾಚೂಟ್ ತಾನಾಗಿ ಬಿಚ್ಚಿಕೊಂಡಿತು. ತೀವ್ರವಾಗಿ ಗಾಯಗೊಂಡರೂ ಬದುಕಿದರು. ಬೀಗವನ್ನು ಮೊದಲೇ ತೆರೆದದ್ದು ತಮ್ಮ ಅರಿವಿಗೆ ಬಂದಿರಲಿಲ್ಲವೆಂದು ಅವರು ತನಿಖೆಗಾರರಿಗೆ ತಿಳಿಸಿದರು.

ಮೊದಲ ಎರಡು ದಿನ ಎಲ್ಲರ ಸಂದೇಹವೂ ಎಂಜಿನ್ನಿನ ಮೇಲಿತ್ತು. ಅದಕ್ಕೆ ಕಾರಣಗಳೂ ಇದ್ದವು. ರಬ್ಬರಿನಂಥ ಹಳೆಯ ಘನ ಇಂಧನದ ಬದಲು ನೈಲಾನ್ ಜಾತಿಯ ಪ್ಲಾಸ್ಟಿಕ್ ಇಂಧನವನ್ನು ಹಾರಾಟದಲ್ಲಿ ಬಳಸಿದ್ದು ಅಂದೇ ಮೊದಲು. ಅದನ್ನು ಉರಿಸಲು ಬಳಸುವ ನೈಟ್ರಸ್ ಆಕ್ಸೈಡ್ ಅದಾಗಲೇ ಒಮ್ಮೆ ಕೊಂದಿತ್ತು. ೨೦೦೭ರ ಜುಲೈ ೨೬ರಂದು ಅದೇ ಮೊಹಾವಿಯಲ್ಲಿ, ಬೆಂಕಿಯನ್ನೇ ಹಚ್ಚದೆ ಆ ದ್ರವವನ್ನು ಕೇವಲ ಹರಿಸಿ ನೋಡುವ ಪರೀಕ್ಷೆಯಲ್ಲಿ ಸ್ಫೋಟವಾಗಿ ಕಂಪನಿಯ ಮೂವರು ಸತ್ತು ಮೂವರು ಗಾಯಗೊಂಡಿದ್ದರು. ಬೆಂಕಿಯಿಲ್ಲದ ಪರೀಕ್ಷೆಯೆಂದರೆ ಅಪಾಯವಿಲ್ಲದ ಪರೀಕ್ಷೆ ಎಂಬ ಭಾವನೆ ಅಲ್ಲಿ ಸುಳ್ಳಾಗಿತ್ತು. ಆದರೆ ೨೦೧೪ರ ಅವಶೇಷಗಳಲ್ಲಿ ಎಂಜಿನ್ನೂ ಇಂಧನ ಟ್ಯಾಂಕುಗಳೂ ಒಡೆಯದೆ ಸಿಕ್ಕವು. ಕಾಕ್‌ಪಿಟ್ಟಿನ ಕ್ಯಾಮೆರಾ ಹಿಡಿಕೆ ಸರಿದುದನ್ನು ತೋರಿಸಿತು. ಎಲ್ಲರೂ ಎಂಜಿನ್ನಿನ ಕಡೆ ನೋಡುತ್ತಿದ್ದಾಗ ಅಪಾಯ ಬಾಲದ ಕಡೆಯಿಂದ ಬಂದಿತ್ತು.

ಇಲ್ಲಿಗೆ ‘ಸಹಪೈಲಟ್‌ನ ತಪ್ಪು’ ಎಂದು ಕಡತ ಮುಚ್ಚಬಹುದಾಗಿತ್ತು. ಪತ್ರಿಕೆಗಳಲ್ಲಿ ಅಂಥ ಶೀರ್ಷಿಕೆಗಳೂ ಬಂದವು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ಹಾಗೆ ಮಾಡಲಿಲ್ಲವೆಂಬುದು ಈ ಪ್ರಕರಣದಲ್ಲಿ ಅತ್ಯಂತ ಗಮನಾರ್ಹವಾದ ಸಂಗತಿ. ೨೦೧೫ರ ಜುಲೈನಲ್ಲಿ ಮಂಡಳಿ ನೀಡಿದ ನಿರ್ಣಯದ ವಾಕ್ಯರಚನೆಯನ್ನೇ ನೋಡಬೇಕು. ಅದರ ಕರ್ತೃಸ್ಥಾನದಲ್ಲಿ ಸಹಪೈಲಟ್ ಇಲ್ಲ, ಕಂಪನಿ ಇದೆ. ಒಬ್ಬ ಮನುಷ್ಯನ ಒಂದೇ ತಪ್ಪು ಇಡೀ ನೌಕೆಯ ನಾಶಕ್ಕೆ ಎಡೆಮಾಡಬಹುದೆಂಬ ಸಾಧ್ಯತೆಯನ್ನು ಸ್ಕೇಲ್ಡ್ ಕಾಂಪೊಸಿಟ್ಸ್ ಪರಿಗಣಿಸದಿದ್ದುದು ಮತ್ತು ಅದರಿಂದ ರಕ್ಷಣೆ ಒದಗಿಸದಿದ್ದುದು ಸಂಭವನೀಯ ಕಾರಣ. ಸಹಪೈಲಟ್ ಅಕಾಲದಲ್ಲಿ ಬೀಗ ತೆಗೆದದ್ದು ಆ ಕೊರತೆ ಸಿದ್ಧಪಡಿಸಿಟ್ಟ ಹಾದಿಯಲ್ಲಿ ನಡೆದ ಘಟನೆ ಎಂಬುದು ಅದರ ತಾತ್ಪರ್ಯ. ವಿನ್ಯಾಸಕರು ಯಂತ್ರಭಾಗಗಳು ಕೆಡುವ ಸಾಧ್ಯತೆಗಳನ್ನು ಎಣಿಸಿದ್ದರು. ಕೆಟ್ಟಾಗ ಪೈಲಟ್ ಸರಿಯಾಗಿ ವರ್ತಿಸುತ್ತಾನೆಂದು ನಂಬಿದ್ದರು. ಆದರೆ ಏನೂ ಕೆಡದಿರುವಾಗ ಪೈಲಟ್ ತಾನೇ ತಪ್ಪಬಹುದೆಂಬುದನ್ನು ಎಣಿಸಿರಲಿಲ್ಲ. ನುರಿತ ಪರೀಕ್ಷಾ ಪೈಲಟ್ ಇಂಥ ತಪ್ಪು ಮಾಡುವುದಿಲ್ಲ ಎಂಬುದು ಅವರ ಗ್ರಹಿಕೆ. ಗೌರವದಿಂದ ಹುಟ್ಟಿದ ಈ ನಂಬಿಕೆಯೇ ಕೊನೆಗೆ ಆ ಪೈಲಟ್‌ನನ್ನು ಒಂಟಿಯಾಗಿ ಬಿಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಆಲ್ಸ್‌ಬರಿಯವರ ಸ್ಥಿತಿಯನ್ನು ಕಲ್ಪಿಸಿಕೊಳ್ಳಲು ತನಿಖೆಯ ವಿವರಗಳು ನೆರವಾಗುತ್ತವೆ. ಆ ಕೆಲವು ಸೆಕೆಂಡುಗಳಲ್ಲಿ ಅವರು ಮಾಡಬೇಕಾದ ಕೆಲಸಗಳನ್ನೆಲ್ಲ ಬಾಯಿಪಾಠದಿಂದ ಮಾಡಬೇಕಿತ್ತು. ಪಟ್ಟಿ ನೋಡಿ ಓದಲು ವೇಳೆಯಿರಲಿಲ್ಲ. ಬೀಗವನ್ನು ತಡವಾಗಿ ತೆಗೆದರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತಿತ್ತು, ಇನ್ನೂ ತಡವಾದರೆ ಹಾರಾಟವನ್ನೇ ಕೈಬಿಡಬೇಕಾಗುತ್ತಿತ್ತು. ಬೇಗ ತೆಗೆದರೆ ಏನಾಗುತ್ತದೆ ಎಂಬ ಎಚ್ಚರಿಕೆ ಮಾತ್ರ ಪೈಲಟ್‌ಗಳ ಕೈಪಿಡಿಯಲ್ಲಿ ಇರಲಿಲ್ಲ. ಆ ವೇಗದಲ್ಲಿ ಗರಿಯ ಮೇಲೆ ಬೀಳುವ ಒತ್ತಡದ ಬಗ್ಗೆ ಪೈಲಟ್‌ಗಳೊಂದಿಗೆ ಚರ್ಚೆಯಾದದ್ದಕ್ಕೆ ಸಿಕ್ಕ ದಾಖಲೆಗಳು ಅಪಘಾತಕ್ಕೆ ಮೂರು ವರ್ಷಕ್ಕೂ ಹಿಂದಿನವು. ನೆಲದ ಮೇಲಿನ ಅಭ್ಯಾಸಯಂತ್ರದಲ್ಲಿ ರಾಕೆಟ್ಟಿನ ನಡುಕವಾಗಲಿ ಮೈಮೇಲೆ ಬೀಳುವ ಭಾರವಾಗಲಿ ಅನುಭವಕ್ಕೆ ಬರುತ್ತಿರಲಿಲ್ಲ. ಅವನ್ನು ಆಲ್ಸ್‌ಬರಿ ನಿಜವಾಗಿ ಅನುಭವಿಸಿದ್ದುದು ೨೦೧೩ರ ಏಪ್ರಿಲ್ ೨೯ರ ಹಾರಾಟದಲ್ಲಿ, ಅಂದರೆ ಹದಿನೆಂಟು ತಿಂಗಳ ಹಿಂದೆ. ಒಂದು ಕಡೆಯ ತಪ್ಪಿಗೆ ಮಾತ್ರ ದೀಪ ಹೊತ್ತಿಸುವ ವ್ಯವಸ್ಥೆಯಲ್ಲಿ ಮನುಷ್ಯನ ಕೈ ಇನ್ನೊಂದು ಕಡೆಗೆ ವಾಲುವುದು ಅಸಹಜವಲ್ಲ.

ನಮ್ಮ ಭಾಷೆಯಲ್ಲಿ ತಪ್ಪು, ಪ್ರಮಾದ, ಅಚಾತುರ್ಯ, ಲೋಪ ಎಂಬ ಪದಗಳಿವೆ. ಅವುಗಳ ನಡುವಣ ಅಂತರವನ್ನು ನಾವು ಸಾಹಿತ್ಯ ವಿಮರ್ಶೆಯಲ್ಲಿ ಬಳಸುವಷ್ಟು ಎಚ್ಚರದಿಂದ ಅಪಘಾತದ ವರದಿಗಳಲ್ಲಿ ಬಳಸುವುದಿಲ್ಲ. ಕೈತಪ್ಪಿ ಆದದ್ದು ಪ್ರಮಾದ. ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದು ಲೋಪ. ಮೇಲಿನ ನಿರ್ಣಯವನ್ನು ಕನ್ನಡದಲ್ಲಿ ಹೇಳುವುದಾದರೆ ಪ್ರಮಾದ ಸಹಪೈಲಟ್‌ನದು, ಲೋಪ ವಿನ್ಯಾಸಕರದು ಎನ್ನಬೇಕು.

ಇಂಥದೇ ವಿವೇಚನೆಗೆ ಕರ್ನಾಟಕದ ನೆಲದ ಮೇಲೂ ಒಂದು ನಿದರ್ಶನವುಂಟು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ ‘ಸಾರಸ್’ ಎಂಬ ಚಿಕ್ಕ ನಾಗರಿಕ ವಿಮಾನದ ಎರಡನೆಯ ಮೂಲಮಾದರಿ ೨೦೦೯ರ ಮಾರ್ಚ್ ೬ರಂದು ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಮಡಿದರು. ಎರಡು ಎಂಜಿನ್‌ಗಳಲ್ಲಿ ಒಂದನ್ನು ಹಾರಾಟದ ನಡುವೆ ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸಿ ನೋಡುವುದು ಅಂದಿನ ಪ್ರಯೋಗಗಳಲ್ಲಿ ಒಂದಾಗಿತ್ತು. ಮತ್ತೆ ಹೊತ್ತಿಸುವ ಕ್ರಮವನ್ನು ವಿನ್ಯಾಸಕರೇ ತಪ್ಪಾಗಿ ರೂಪಿಸಿದ್ದರು, ಅದನ್ನು ಸಾಲದಷ್ಟು ಎತ್ತರದಲ್ಲಿ ಅನುಸರಿಸಲಾಯಿತು ಎಂದು ತನಿಖೆ ಸಂಭವನೀಯ ಕಾರಣವನ್ನು ಗುರುತಿಸಿತು. ಮೊಹಾವಿಯ ಪ್ರಕರಣಕ್ಕೂ ಇದಕ್ಕೂ ಯಂತ್ರದ ದೃಷ್ಟಿಯಿಂದ ಸಂಬಂಧವಿಲ್ಲ. ಆದರೆ ಕಾಕ್‌ಪಿಟ್ಟಿನಲ್ಲಿ ಕಾಣಿಸಿಕೊಂಡ ದೋಷದ ಬೇರು ನಕ್ಷೆ ಬರೆಯುವ ಮೇಜಿನವರೆಗೆ ಹೋಗಿರುವುದು ಎರಡರಲ್ಲಿಯೂ ಕಾಣುತ್ತದೆ.

ಇನ್ನು ಸರ್ಕಾರ ಏನು ಮಾಡುತ್ತಿತ್ತು ಎಂಬ ಪ್ರಶ್ನೆ. ಅಮೆರಿಕದಲ್ಲಿ ಇಂಥ ಹಾರಾಟಗಳಿಗೆ ಪರವಾನಗಿ ಕೊಡುವುದು ಫೆಡರಲ್ ವಿಮಾನಯಾನ ಆಡಳಿತ. ಅಪಾಯಗಳನ್ನು ವಿಶ್ಲೇಷಿಸುವಾಗ ಮನುಷ್ಯನ ತಪ್ಪನ್ನೂ ಗಣಕದ ತಂತ್ರಾಂಶದ ತಪ್ಪನ್ನೂ ಪರಿಗಣಿಸಬೇಕೆಂದು ಅದರ ನಿಯಮವೇ ಹೇಳುತ್ತದೆ. ಸ್ಪೇಸ್‌ಶಿಪ್‌ಟೂ ಕುರಿತ ವಿಶ್ಲೇಷಣೆ ಈ ನಿಯಮಕ್ಕೆ ಅನುಗುಣವಾಗಿಲ್ಲವೆಂಬುದನ್ನು ಆ ಆಡಳಿತ ಪರವಾನಗಿ ಕೊಟ್ಟ ಮೇಲೆ ಕಂಡುಕೊಂಡಿತು. ವಿಶ್ಲೇಷಣೆಯನ್ನು ತಿದ್ದಿಸುವ ಬದಲು ೨೦೧೩ರಲ್ಲಿ ಆ ನಿಯಮದಿಂದಲೇ ವಿನಾಯಿತಿ ನೀಡಿತು. ಅದೂ ಕಂಪನಿ ಕೇಳದೆಯೇ. ಪರವಾನಗಿಯ ಅರ್ಜಿಗಳನ್ನು ೧೨೦ ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬ ಒತ್ತಡವನ್ನೂ ತನಿಖಾ ಮಂಡಳಿ ಪ್ರಸ್ತಾಪಿಸಿದೆ. ನಿಯಮವಿತ್ತು, ಅದನ್ನು ಬಲ್ಲವರಿದ್ದರು, ಕೊರತೆಯೂ ಕಣ್ಣಿಗೆ ಬಿದ್ದಿತ್ತು. ಆದರೂ ಕಾಗದ ಮುಂದಕ್ಕೆ ಸಾಗಿತು. ಕಚೇರಿಗಳ ರೀತಿ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಇಲ್ಲಿ ಯಾರಾದರೂ ನಿಟ್ಟುಸಿರುಬಿಟ್ಟರೆ ಅದನ್ನು ತಪ್ಪೆನ್ನಲಾಗದು.

ಇದರ ಹಿಂದೆ ೨೦೦೪ರ ಒಂದು ಶಾಸನವಿದೆ. ಹೊಸ ಉದ್ಯಮ ಬೆಳೆಯುವ ಮೊದಲೇ ನಿಯಮಗಳ ಭಾರ ಹೇರಬಾರದೆಂಬ ಉದ್ದೇಶದಿಂದ, ನೌಕೆಯಲ್ಲಿ ಕುಳಿತವರ ಸುರಕ್ಷೆಯ ಬಗ್ಗೆ ಆಡಳಿತ ನಿಯಮ ಮಾಡುವುದನ್ನು ಆ ಶಾಸನ ಬಹುಮಟ್ಟಿಗೆ ತಡೆಹಿಡಿಯಿತು. ಸಾವು, ತೀವ್ರ ಗಾಯ ಅಥವಾ ಅವುಗಳಿಗೆ ಸಮೀಪ ತಂದ ಘಟನೆ ನಡೆದರೆ ಮಾತ್ರ ಅಂಥ ಲಕ್ಷಣಗಳನ್ನು ನಿರ್ಬಂಧಿಸಬಹುದು. ನೆಲದ ಮೇಲಿರುವ, ಯಾನಕ್ಕೆ ಸಂಬಂಧಪಡದ ಜನರ ರಕ್ಷಣೆ ಮಾತ್ರ ಸರ್ಕಾರದ ಹೊಣೆ. ಈ ಅವಧಿಯನ್ನು ‘ಕಲಿಕೆಯ ಕಾಲ’ ಎಂದು ಕರೆಯುತ್ತಾರೆ. ಮೊದಲು ೨೦೧೨ಕ್ಕೆ ಮುಗಿಯಬೇಕಿದ್ದ ಈ ಕಾಲ ಮತ್ತೆಮತ್ತೆ ವಿಸ್ತರಣೆಗೊಂಡು, ೨೦೨೪ರ ಶಾಸನದಂತೆ ೨೦೨೮ರ ಜನವರಿಯವರೆಗೆ ಚಾಚಿಕೊಂಡಿದೆ. ಕಲಿಕೆಯ ಕಾಲವೆಂಬ ಹೆಸರು ಹಿತವಾಗಿದೆ. ಆದರೆ ಕಲಿಯುವವರು ಯಾರು, ಪಾಠದ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಯನ್ನು ಆ ಹೆಸರು ಮುಚ್ಚಿಡುತ್ತದೆ.

ಬೆಲೆ ತೆರುವವರಿಗಾಗಿ ಶಾಸನ ಒದಗಿಸಿರುವುದು ‘ತಿಳಿದು ಕೊಡುವ ಸಮ್ಮತಿ’ ಎಂಬ ಏರ್ಪಾಟನ್ನು. ಯಾನಕ್ಕೆ ಹೊರಟವನಿಗೆ ಕಂಪನಿ ಕೆಲವು ಸಂಗತಿಗಳನ್ನು ಬರಹದಲ್ಲಿ ತಿಳಿಸಬೇಕು: ತಿಳಿದಿರುವ ಅಪಾಯಗಳಿವೆ, ತಿಳಿಯದಿರುವ ಅಪಾಯಗಳೂ ಇವೆ, ಸಾವು ಸಂಭವಿಸಬಹುದು, ಈ ನೌಕೆ ಮನುಷ್ಯರನ್ನು ಒಯ್ಯಲು ಸುರಕ್ಷಿತವೆಂದು ಸರ್ಕಾರ ಪ್ರಮಾಣೀಕರಿಸಿಲ್ಲ. ಇದನ್ನು ಓದಿ ಆತ ಸಹಿ ಮಾಡಬೇಕು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಸಹಿ ಪಡೆಯುವ ಪದ್ಧತಿಗೂ ಇದಕ್ಕೂ ಹೋಲಿಕೆಯಿದೆ, ವ್ಯತ್ಯಾಸವೂ ಇದೆ. ಆ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಹಿಂದೆ ಹಲವು ಸಾವಿರ ಬಾರಿ ಮಾಡಿರುತ್ತಾರೆ, ಅಪಾಯದ ಪ್ರಮಾಣ ಇಷ್ಟೆಂದು ಹೇಳಬಲ್ಲರು. ಕೆಲವೇ ಬಾರಿ ಹಾರಿದ ನೌಕೆಯ ವಿಷಯದಲ್ಲಿ ಅಪಾಯವನ್ನು ಕಂಪನಿಯೇ ಪೂರ್ತಿ ಅರಿತಿರುವುದಿಲ್ಲ. ಆಲ್ಸ್‌ಬರಿಯಂಥ ನುರಿತವರಿಗೇ ಬೀಗದ ಅಪಾಯವನ್ನು ಕೈಪಿಡಿ ತಿಳಿಸಿರಲಿಲ್ಲವೆಂದ ಮೇಲೆ, ಟಿಕೆಟ್ ಕೊಂಡ ವರ್ತಕನಿಗೋ ಕಲಾವಿದನಿಗೋ ಅದು ಹೇಗೆ ತಿಳಿಯಬೇಕು? ತಿಳಿಯದಿರುವುದನ್ನು ತಿಳಿದು ಸಮ್ಮತಿಸುವುದು ಎಂಬ ಈ ವಿರೋಧಾಭಾಸಕ್ಕೆ ನ್ಯಾಯಶಾಸ್ತ್ರದವರು ಉತ್ತರ ಕೊಡಬೇಕು.

ಅಪಘಾತದ ಹೊತ್ತಿಗೆ ಸುಮಾರು ೭೦೦ ಮಂದಿ ತಮ್ಮ ಸ್ಥಳ ಕಾದಿರಿಸಿಕೊಂಡಿದ್ದರು. ಟಿಕೆಟ್ಟಿನ ಬೆಲೆ ಎರಡೂವರೆ ಲಕ್ಷ ಡಾಲರಿಗೆ ಏರಿತ್ತು. ೨೦೦೪ರಲ್ಲಿ ಯೋಜನೆಯನ್ನು ಪ್ರಕಟಿಸಿದಾಗ ೨೦೦೭ರ ಹೊತ್ತಿಗೆ ಪ್ರಯಾಣಿಕರನ್ನು ಒಯ್ಯುವ ಭರವಸೆ ನೀಡಲಾಗಿತ್ತು. ಈ ಅವಸರವೇ ಅಪಘಾತಕ್ಕೆ ಕಾರಣವೆಂದು ತನಿಖೆ ಹೇಳಿಲ್ಲ. ನಾವೂ ಹಾಗೆ ಹೇಳುವುದು ಸರಿಯಲ್ಲ. ಆದರೆ ಸ್ಪೇಸ್‌ಶಿಪ್‌ಟೂ ನೌಕೆಗೆ ಒಂದು ವಿಶೇಷ ಮಿತಿಯಿತ್ತು: ಪೈಲಟ್‌ಗಳಿಲ್ಲದೆ ಅದು ಹಾರಲಾರದು. ಹೀಗಾಗಿ ಅದರ ಪ್ರತಿಯೊಂದು ಪರೀಕ್ಷೆಯಲ್ಲಿಯೂ ಎರಡು ಜೀವಗಳು ಪಣಕ್ಕೆ ಬಿದ್ದಿರುತ್ತಿದ್ದವು. ಬ್ಲೂ ಒರಿಜಿನ್ ಕಂಪನಿ ತನ್ನ ‘ನ್ಯೂ ಶೆಪರ್ಡ್’ ನೌಕೆಯನ್ನು ಮನುಷ್ಯರಿಲ್ಲದೆ ೧೫ ಬಾರಿ ಹಾರಿಸಿ, ಅನಂತರವೇ ೨೦೨೧ರ ಜುಲೈನಲ್ಲಿ ಜನರನ್ನು ಕೂರಿಸಿತು. ೨೦೨೨ರ ಸೆಪ್ಟೆಂಬರ್‌ನಲ್ಲಿ ಅದರ ರಾಕೆಟ್ ಮನುಷ್ಯರಿಲ್ಲದ ಒಂದು ಹಾರಾಟದಲ್ಲಿ ವಿಫಲವಾದಾಗ ನೌಕೆ ತಾನಾಗಿ ಬೇರ್ಪಟ್ಟು ಸುರಕ್ಷಿತವಾಗಿ ಇಳಿಯಿತು. ೨೦೧೯ರ ಏಪ್ರಿಲ್‌ನಲ್ಲಿ ಸ್ಪೇಸ್‌ಎಕ್ಸ್ ಕಂಪನಿಯ ‘ಡ್ರ್ಯಾಗನ್’ ನೌಕೆಯೊಂದು ನೆಲದ ಮೇಲಿನ ಪರೀಕ್ಷೆಯಲ್ಲಿ ಸ್ಫೋಟಗೊಂಡರೂ ಯಾರಿಗೂ ಗಾಯವಾಗಲಿಲ್ಲ. ಅದರಿಂದ ಕಲಿತದ್ದನ್ನು ಅಳವಡಿಸಿಕೊಂಡು ಮರುವರ್ಷ ಇಬ್ಬರು ಗಗನಯಾತ್ರಿಗಳನ್ನು ಒಯ್ಯಲಾಯಿತು. ನಷ್ಟ ಕೋಟಿಗಟ್ಟಲೆ ಡಾಲರುಗಳದು, ಆದರೆ ಡಾಲರುಗಳದಷ್ಟೇ.

ಮನುಷ್ಯರಿಲ್ಲದ ಪರೀಕ್ಷೆಗಳೂ ಎಲ್ಲವನ್ನೂ ಹೇಳಿಬಿಡುವುದಿಲ್ಲ. ಬೋಯಿಂಗ್ ಕಂಪನಿಯ ‘ಸ್ಟಾರ್‌ಲೈನರ್’ ಅಂಥ ಎರಡು ಹಾರಾಟಗಳ ಬಳಿಕ ೨೦೨೪ರ ಜೂನ್ ೫ರಂದು ಬುಚ್ ವಿಲ್ಮೋರ್ ಮತ್ತು ಸುನೀತಾ ವಿಲಿಯಮ್ಸ್ ಅವರನ್ನು ಹೊತ್ತು ಹೊರಟಿತು. ಸುಮಾರು ಎಂಟು ದಿನಗಳ ಆ ಪರೀಕ್ಷಾ ಹಾರಾಟದಲ್ಲಿ ಹೀಲಿಯಂ ಸೋರಿಕೆಯೂ ಪುಟ್ಟ ಎಂಜಿನ್‌ಗಳ ವೈಫಲ್ಯವೂ ಕಾಣಿಸಿಕೊಂಡವು. ನೌಕೆಯನ್ನು ಬರಿದಾಗಿಯೇ ಹಿಂದಕ್ಕೆ ಕರೆಸಲಾಯಿತು; ಅವರಿಬ್ಬರೂ ಬೇರೆ ಕಂಪನಿಯ ನೌಕೆಯಲ್ಲಿ ಭೂಮಿಗೆ ಮರಳಿದ್ದು ೨೦೨೫ರ ಮಾರ್ಚ್‌ನಲ್ಲಿ. ಬರಿದಾಗಿ ಕರೆಸಿದ ನೌಕೆ ಸುರಕ್ಷಿತವಾಗಿಯೇ ಇಳಿಯಿತು. ಹಾಗಿದ್ದ ಮೇಲೆ ಅವರನ್ನು ಅದರಲ್ಲಿಯೇ ಕರೆತರಬಹುದಿತ್ತಲ್ಲ ಎಂದು ಕೇಳಿದವರುಂಟು. ಉತ್ತರ ತಿಳಿಯದಿದ್ದಾಗ ತಡೆದು ನಿಲ್ಲುವುದೂ ಪರೀಕ್ಷೆಯ ಒಂದು ಫಲಿತಾಂಶವೇ ಎಂದು ಅವರಿಗೆ ಹೇಳಬೇಕಾಗುತ್ತದೆ.

ಮೊಹಾವಿಯ ಅಪಘಾತದ ಅನಂತರ ವರ್ಜಿನ್ ಗೆಲಾಕ್ಟಿಕ್ ಎರಡನೆಯ ನೌಕೆಯನ್ನು ೨೦೧೬ರಲ್ಲಿ ಹೊರತಂದಿತು. ಅಪಾಯದ ವೇಗದಲ್ಲಿ ಬೀಗದ ಹಿಡಿಕೆಯನ್ನು ಸರಿಸಲು ಬಿಡದ ಒಂದು ತಡೆಗೂಟವನ್ನು ಅದರಲ್ಲಿ ಅಳವಡಿಸಲಾಯಿತು. ಇಷ್ಟು ಚಿಕ್ಕ ಭಾಗ ಮೊದಲೇ ಇದ್ದಿದ್ದರೆ 'ಸಹಪೈಲಟ್‌ನ ತಪ್ಪು' ಎಂಬ ಮಾತು ಹುಟ್ಟುತ್ತಲೇ ಇರಲಿಲ್ಲ. ಆ ನೌಕೆ ೨೦೧೮ರ ಡಿಸೆಂಬರ್‌ನಲ್ಲಿ ಎಂಬತ್ತು ಕಿಲೋಮೀಟರಿಗಿಂತ ಮೇಲೇರಿತು; ೨೦೨೩ರ ಜೂನ್‌ನಿಂದ ಹಣ ತೆತ್ತವರನ್ನು ಒಯ್ದು, ೨೦೨೪ರ ಜೂನ್‌ನಲ್ಲಿ ನಿವೃತ್ತವಾಯಿತು.

ಭಾರತದಲ್ಲಿ ಖಾಸಗಿ ಕಂಪನಿಗಳು ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಹಂತ ಇನ್ನೂ ಬಂದಿಲ್ಲ. ಹೈದರಾಬಾದಿನ ಸ್ಕೈರೂಟ್ ಕಂಪನಿಯ ‘ವಿಕ್ರಮ್-ಎಸ್’ ೨೦೨೨ರ ನವೆಂಬರ್ ೧೮ರಂದು ಹಾರಿತು. ಚೆನ್ನೈಯ ಅಗ್ನಿಕುಲ್ ಕಂಪನಿಯ ರಾಕೆಟ್ ಹಲವು ಬಾರಿ ಕೊನೆಗಳಿಗೆಯಲ್ಲಿ ತಡೆದು ನಿಂತು, ೨೦೨೪ರ ಮೇ ೩೦ರಂದು ಮೇಲೇರಿತು. ಇವು ಮನುಷ್ಯರಿಲ್ಲದ ರಾಕೆಟ್‌ಗಳು. ಸರ್ಕಾರದ ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳೆಂಬುದು ಉಲ್ಲೇಖನೀಯ. ಅವರಲ್ಲಿ ಶುಭಾಂಶು ಶುಕ್ಲಾ ೨೦೨೫ರ ಜೂನ್ ೨೫ರಂದು ಯಾನ ಕೈಗೊಂಡದ್ದು ಒಂದು ಖಾಸಗಿ ಕಂಪನಿ ಏರ್ಪಡಿಸಿದ ಯಾತ್ರೆಯಲ್ಲಿ. ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡುಬಂದುದರಿಂದ ಆ ತಿಂಗಳ ೧೧ರ ಉಡಾವಣೆಯನ್ನು ಮುಂದೂಡಲಾಗಿತ್ತು. ಪರೀಕ್ಷಾ ಪೈಲಟ್‌ಗಳ ಪರಂಪರೆಗೆ ಬೆಂಗಳೂರು ಹಳೆಯ ಮನೆ. ‘ಮಾರುತ್’ ಯುದ್ಧವಿಮಾನವನ್ನು ೧೯೬೧ರಲ್ಲಿ ಮೊದಲ ಬಾರಿಗೆ ಹಾರಿಸಿದ ಸುರಂಜನ್ ದಾಸ್, ೧೯೭೦ರ ಜನವರಿ ೧೦ರಂದು ಅದೇ ವಿಮಾನದ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ ಅಸುನೀಗಿದರು. ಅವರ ಹೆಸರಿನ ರಸ್ತೆಯಲ್ಲಿ ಇಂದು ಸಾವಿರಾರು ಜನ ದಿನವೂ ಓಡಾಡುತ್ತಾರೆ.

ಕೊನೆಯದಾಗಿ ಒಂದು ಪದದ ಸಂಗತಿ. ಹಣ ತೆತ್ತು ನೌಕೆ ಹತ್ತುವವನನ್ನು ಅಮೆರಿಕದ ಶಾಸನ ಎಲ್ಲಿಯೂ ‘ಪ್ರಯಾಣಿಕ’ ಎಂದು ಕರೆಯುವುದಿಲ್ಲ. ‘ಯಾನದಲ್ಲಿ ಭಾಗವಹಿಸುವವನು’ ಎಂಬ ಅರ್ಥದ ಮಾತನ್ನು ಬಳಸುತ್ತದೆ. ಪ್ರಯಾಣಿಕನೆಂದೊಡನೆ ಅವನನ್ನು ಸುರಕ್ಷಿತವಾಗಿ ತಲುಪಿಸುವ ಹೊಣೆ ವಾಹನದವರ ಮೇಲೆ ಬೀಳುತ್ತದೆ. ಭಾಗವಹಿಸುವವನು ಅಪಾಯದಲ್ಲಿಯೂ ಪಾಲುದಾರ. ಕನ್ನಡ ಪತ್ರಿಕೆಗಳು ಈ ಯಾನಗಳ ಸುದ್ದಿಯನ್ನು ಬರೆಯುವಾಗ ಬಳಸುತ್ತಿರುವುದು ‘ಬಾಹ್ಯಾಕಾಶ ಪ್ರವಾಸಿ’ ಎಂಬ ಪದವನ್ನು. ಪ್ರವಾಸಿ ಎಂದರೆ ನಮ್ಮ ಕಣ್ಣಮುಂದೆ ಬರುವುದು ಹಂಪಿಗೋ ಜೋಗಕ್ಕೋ ಹೋಗಿ ಸಂಜೆ ಮರಳುವವನ ಚಿತ್ರ. ಶಾಸನದ ಪದಕ್ಕೆ ಕನ್ನಡದಲ್ಲಿ ‘ಸಹಭಾಗಿ’ ಎನ್ನಬಹುದೇನೋ; ‘ಪಾಲುಗಾರ’ ಎಂಬುದು ಇನ್ನೂ ಹತ್ತಿರವಾದೀತು, ಏಕೆಂದರೆ ಅದರಲ್ಲಿ ನಷ್ಟದ ಪಾಲೂ ಕೇಳಿಸುತ್ತದೆ. ಪಾರಿಭಾಷಿಕ ಕೋಶಗಳನ್ನು ಪರಿಷ್ಕರಿಸುವವರು ಈ ಮೂರು ಪದಗಳನ್ನೂ ಒಂದೇ ಅರ್ಥದವೆಂದು ಒಟ್ಟಿಗೆ ಸೇರಿಸದೆ ಬೇರೆಬೇರೆಯಾಗಿಯೇ ನಮೂದಿಸಬೇಕೆಂದು ಸೂಚಿಸಬಯಸುತ್ತೇನೆ.